ಜೇನುಮೇಣದ ಚಿತ್ರಕ್ಕೆ ಬಿಳಿ: ಯಾವ ಪುಡಿ, ಹೇಗೆ ಕಲಸುವುದು?

ಜೇನುಮೇಣ ಕರಗಿಸಿ, ಬಣ್ಣದ ಪುಡಿ ಕಲಸಿ, ಬಿಸಿ ಆರುವ ಮೊದಲೇ ಬಳಿಯುವ ಚಿತ್ರಕಲೆಗೆ ಎನ್ಕಾಸ್ಟಿಕ್ ಎನ್ನುತ್ತಾರೆ. ಈಜಿಪ್ಟಿನ ಫಯೂಮ್‌ನಲ್ಲಿ ಸುಮಾರು 2000 ವರ್ಷಗಳ ಹಿಂದೆ ಹೀಗೆ ಬರೆದ ಮುಖಚಿತ್ರಗಳ ಬಣ್ಣ ಇನ್ನೂ ಮಾಸಿಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟವರು ಸಿಕ್ಕೇ ಸಿಗುತ್ತಾರೆ, ಮೇಣಕ್ಕೆ ಪರದಾಡಬೇಕಿಲ್ಲ. ತಲೆನೋವು ಶುರುವಾಗುವುದು ಬಿಳಿ ಬಣ್ಣದಲ್ಲಿ.

ಮೊದಲು ಮೇಣದ ಹಳದಿ ತೆಗೆಯಬೇಕು. ಮೇಣವನ್ನು ತೆಳ್ಳಗೆ ಹೆರೆದು, ಬಟ್ಟೆಯ ಮೇಲೆ ಹರಡಿ, ಬೆಳಗಿನ ಬಿಸಿಲಿಗಿಡಿ. ಆಗಾಗ ನೀರು ಚಿಮುಕಿಸಿ, ಮಗುಚಿ. ಕೆಲವು ದಿನಗಳಲ್ಲಿ ಅದು ದಂತದ ಬಣ್ಣಕ್ಕೆ ಬರುತ್ತದೆ. ಅಡಿಕೆ ಒಣಗಿಸುವ ಸೋಲಾರ್ ಗೂಡಿನೊಳಗೆ ಮಾತ್ರ ಇಡಬೇಡಿ. ಮೇಣ ಕರಗುವುದು ಸುಮಾರು 63 ಡಿಗ್ರಿಗೆ, ಆದರೆ ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗಿ ಮುದ್ದೆ ಕಟ್ಟುತ್ತದೆ.

ಇನ್ನು ಪುಡಿ. ಒಂದು ಕಪ್ಪು ಟೈಲ್ಸ್ ತುಂಡು ತಗೊಳ್ಳಿ. ಕರಗಿದ ಮೇಣದಲ್ಲಿ ಚಾಕ್ ಪುಡಿ, ಸತುವಿನ ಬಿಳಿ (ಜಿಂಕ್ ಆಕ್ಸೈಡ್), ಟೈಟಾನಿಯಂ ಬಿಳಿ (ಟೈಟಾನಿಯಂ ಡೈಆಕ್ಸೈಡ್) ಮೂರನ್ನೂ ಬೇರೆ ಬೇರೆ ಕಲಸಿ, ಒಂದೊಂದು ಗೀಟು ಎಳೆಯಿರಿ. ಚಾಕ್‌ನ ಗೀಟು ಮಾಸಲು ನೀರಿನಂತೆ ಕಾಣುತ್ತದೆ, ಅಡಿಯ ಕಪ್ಪು ಹಾಗೇ ಇಣುಕುತ್ತದೆ. ಸತುವಿನದು ತೆಳು ಪರದೆ. ಟೈಟಾನಿಯಂ ಮಾತ್ರ ಕಪ್ಪನ್ನು ಪೂರ್ತಿ ಮುಚ್ಚುತ್ತದೆ. ಯಾಕೆ ಹೀಗೆ? ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಪುಡಿಗೂ ಮೇಣಕ್ಕೂ ಅಂತರ ಜಾಸ್ತಿ ಇದ್ದಷ್ಟೂ ಬೆಳಕು ಚದುರುತ್ತದೆ, ಬಿಳಿ ಕಾಣುತ್ತದೆ. ಈ ವಕ್ರೀಭವನದ ಅಂಕ ಮೇಣಕ್ಕೆ ಸುಮಾರು 1.44, ಚಾಕ್‌ಗೆ 1.6, ಸತುವಿಗೆ 2.0, ಟೈಟಾನಿಯಂ ಬಿಳಿಯ ರೂಟೈಲ್ ಬಗೆಗೆ 2.7. ಒಣಗಿದ್ದಾಗ ಹಾಲಿನಂತಿರುವ ಚಾಕ್ ಮೇಣದಲ್ಲಿ ಮಾಯವಾಗುವುದು ಇದಕ್ಕೇ.

ಮುಚ್ಚಬೇಕಾದಲ್ಲಿ ಟೈಟಾನಿಯಂ ಹಾಕಿ. ಮಂಜು, ಮೋಡ, ತೆಳು ಸೀರೆಗೆ ಸತುವೇ ಚಂದ. ಯಕ್ಷಗಾನದ ಚೌಕಿಯಲ್ಲಿ ಮುಖಕ್ಕೆ ಬಳಿಯುವ ಬಿಳಿ, ಅಂದರೆ ಸಫೇದ, ಸಾಮಾನ್ಯವಾಗಿ ಇದೇ ಸತುವಿನ ಪುಡಿ, ಆದರೆ ಎಣ್ಣೆ, ಸುಗಂಧ ಏನೂ ಬೆರೆಯದ್ದು ಬೇಕು. ಅಂದ ಹಾಗೆ, ಟೈಟಾನಿಯಂ ಬಿಳಿಗೆ ಬೇಕಾದ ಅದಿರು ನಮ್ಮದೇ ಕೇರಳದ ಚವರದ ಕಪ್ಪು ಮರಳಿನಲ್ಲಿದೆ! ಫಯೂಮ್‌ನವರು ಬಳಸಿದ್ದು ಸೀಸದ ಬಿಳಿ. ಅದು ವಿಷ, ಅದರ ಆಸೆ ಬಿಡಿ. ಗೋಡೆಗೆ ಬಳಿಯುವ ಸುಣ್ಣವೂ ಬೇಡ, ಅದರ ಕ್ಷಾರ ಮೇಣದ ಆಮ್ಲಗಳ ಜೊತೆ ಸೇರಿ ಸಾಬೂನಾಗುತ್ತದೆ.

ಕಲಸುವ ಕ್ರಮ ಇಷ್ಟೇ. ಎಂಟು ಭಾಗ ಮೇಣಕ್ಕೆ ಒಂದು ಭಾಗ ಡಮಾರ್ ರಾಳ (ಮೇಣವನ್ನು ಗಟ್ಟಿ ಮಾಡುವ ಮರದ ಅಂಟು) ಕರಗಿಸಿ, ಬಟ್ಟೆಯಲ್ಲಿ ಸೋಸಿ. ರಾಳದ ಹರಳು ತಿಳಿಯಾಗಿರಲಿ, ಇಲ್ಲದಿದ್ದರೆ ಹಳದಿ ಮತ್ತೆ ಬರುತ್ತದೆ. ಈ ಮಿಶ್ರಣ 100 ಗ್ರಾಂ ಇದ್ದರೆ 10 ಗ್ರಾಂ ಟೈಟಾನಿಯಂನಿಂದ ಶುರು ಮಾಡಿ. ಪುಡಿಯನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಒಂದೆರಡು ಚಮಚ ಬಿಸಿ ಮಿಶ್ರಣದಲ್ಲಿ ಚೆನ್ನಾಗಿ ಅರೆದು, ಆಮೇಲೆ ಉಳಿದದ್ದಕ್ಕೆ ಸೇರಿಸಿ. ಮಾಸ್ಕ್ ಹಾಕಿಕೊಳ್ಳಿ, ಪುಡಿಯ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗ್ಯಾಸ್ ಒಲೆ ಬೇಡವೇ ಬೇಡ. ವಿದ್ಯುತ್ ತಟ್ಟೆ, ಥರ್ಮಾಮೀಟರ್, ತೆರೆದ ಕಿಟಕಿ ಇರಲಿ. ಬಳಿಯುವಾಗ ಬಿಸಿ 80ರಿಂದ 90 ಡಿಗ್ರಿಯೊಳಗೆ ಇದ್ದರೆ ಸಾಕು. ಹೊಗೆ ಕಂಡರೆ ಆರಿಸಿಬಿಡಿ. ಟೈಟಾನಿಯಂ ತೂಕದ ಪುಡಿ, ತಳಕ್ಕೆ ಇಳಿಯುತ್ತದೆ. ಪ್ರತಿ ಸಲ ಬ್ರಷ್ ಅದ್ದುವ ಮೊದಲು ಕದಡಿ.

ಹಲಗೆಗೆ ಪ್ಲೈವುಡ್ ಸಾಕು, ಕ್ಯಾನ್ವಾಸ್ ಬಾಗಿದರೆ ಮೇಣ ಬಿರಿಯುತ್ತದೆ. ಒಂದೊಂದು ಪದರ ಬಳಿದ ಮೇಲೂ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಆಡಿಸಿ ಕೆಳಗಿನದಕ್ಕೆ ಬೆಸೆಯಿರಿ. ಕೆಲವು ವಾರಗಳಲ್ಲಿ ಮೇಲೆ ಬೂದಿಯಂಥ ಮಸುಕು ಕಂಡರೆ ಬೂಷ್ಟು ಅಂತ ಗಾಬರಿ ಬೇಡ. ಅದು ಮೇಣವೇ ಹೊರಗೆ ಬಂದದ್ದು, ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ.