ಹೊಳೆ ಹಿಡಿದು ಮುಕ್ತಿನಾಥಕ್ಕೆ: ಚಿಂತಾಮಣಿಯಿಂದ ಕಾರಿನಲ್ಲಿ ಹೋಗಿಬಂದ ನನ್ನ ಅನುಭವ

ಚಿಂತಾಮಣಿಯಲ್ಲಿ ನನ್ನದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ಸಾವಿರದ ಇನ್ನೂರು ಅಡಿಯಿಂದ ಮೇಲೆತ್ತಿ ತಂದ ಮೋಟರ್ ಬಿಚ್ಚಿ, ಸುಟ್ಟ ವೈರು ತೆಗೆದು, ಹೊಸದು ಸುತ್ತಿ ಕೊಡುತ್ತೇನೆ. ಬೆಳಗಿಂದ ಸಂಜೆವರೆಗೆ ನೀರಿನ ಮಾತೇ ಕಿವಿಗೆ ಬೀಳುತ್ತದೆ, ಹರಿಯುವ ನೀರು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನಂದಿ ಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ (ಆಂಧ್ರದಲ್ಲಿ ಇದೇ ಪೆನ್ನಾ), ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಎಲ್ಲ ಹುಟ್ಟುತ್ತವೆ. ಹುಟ್ಟಿದೂರಿನಲ್ಲಿ ವರ್ಷಪೂರ್ತಿ ನೀರು ಕಾಣುವ ಹೊಳೆ ಒಂದೂ ಇಲ್ಲ.

ಅಮ್ಮನಿಗೆ ಅರವತ್ತೆಂಟು. ತಾತನ ಕಾಲದ ಒಂದು ಸಾಲಿಗ್ರಾಮ ನಮ್ಮ ದೇವರ ಪೆಟ್ಟಿಗೆಯಲ್ಲಿದೆ. ನಿಂಬೆಹಣ್ಣಿನ ಗಾತ್ರದ ಕರಿಕಲ್ಲು, ಒಂದು ಕಡೆ ಒಡೆದಂತಿದ್ದು ಒಳಗೆ ಚಕ್ರದ ಸುರುಳಿ ಕಾಣುತ್ತದೆ. "ಇದು ಹುಟ್ಟಿದ ಹೊಳೇಲಿ ಒಂದು ಸಲ ಕೈ ಇಡಬೇಕು ಕಣೋ" ಅಂತ ವರ್ಷಗಳಿಂದ ಹೇಳುತ್ತಿದ್ದಳು. ಆ ಹೊಳೆ ನೇಪಾಳದ ಕಾಲಿ ಗಂಡಕಿ. ವಿಷ್ಣುವಿನ ಕ್ಷೇತ್ರ ಮುಕ್ತಿನಾಥ ಇರುವುದೂ ಆ ಕಡೆಯೇ. ಟೂರ್ ಬಸ್ಸಿನಲ್ಲಿ ಕಳಿಸಲು ನನಗೆ ಧೈರ್ಯ ಬರಲಿಲ್ಲ, ವಿಮಾನ ಹತ್ತಲು ಅವಳು ಒಪ್ಪಲಿಲ್ಲ. ಕಾರಿನಲ್ಲೇ ಹೋಗೋಣ ಅಂತಾಯಿತು: ನಾನು, ನನ್ನ ಹೆಂಡತಿ, ಅಮ್ಮ, ಇನ್ನೊಂದು ಕೈ ಡ್ರೈವಿಂಗಿಗೆ ನನ್ನ ಬಾಮೈದ.

ಮೊದಲು ಎಲ್ಲರಂತೆ ನಾನೂ ಕಿಲೋಮೀಟರ್ ಲೆಕ್ಕ ಹಾಕಿದೆ. ಮುಕ್ತಿನಾಥದ ದಾರಿಯಲ್ಲಿ ಸಿಗುವ ನೇಪಾಳದ ಊರು ಪೊಖರಾಗೆ ಸುಮಾರು 2,200. ದಿನಕ್ಕೆ 600 ಹೊಡೆದರೆ ನಾಲ್ಕೇ ದಿನ. ಹಾಳೆಯ ಮೇಲೆ ಚೆನ್ನಾಗಿತ್ತು. ಆದರೆ ಆ ಲೆಕ್ಕದಲ್ಲಿ ಅಮ್ಮ ನೋಡುವುದು ಟೋಲ್ ಗೇಟು ಮತ್ತು ಪೆಟ್ರೋಲ್ ಬಂಕು ಮಾತ್ರ. ಆ ಹಾಳೆ ಹರಿದು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹೊಸದಾಗಿ ಬರೆದೆ. ಈ ಸಲ ದಾರಿಯಲ್ಲಿ ಸಿಗುವ ಹೊಳೆಗಳ ಹೆಸರು ಮಾತ್ರ: ಪೆನ್ನಾ, ತುಂಗಭದ್ರೆ, ಕೃಷ್ಣೆ, ಗೋದಾವರಿ, ಪೈನಗಂಗಾ, ನರ್ಮದೆ, ಗಂಗೆ, ಘಾಘ್ರಾ, ಗಂಡಕಿ. ಎಲ್ಲಿ ನೀರಿನ ಹತ್ತಿರಕ್ಕೆ ಇಳಿಯಬಹುದು ಅಂತ ಸ್ಯಾಟಲೈಟ್ ಮ್ಯಾಪಿನಲ್ಲಿ ಒಂದೊಂದೇ ಸೇತುವೆ ಹಿಗ್ಗಿಸಿ ನೋಡಿದೆ. ಹೆದ್ದಾರಿ ಸೇತುವೆಯ ಮೇಲೆ ಗಾಡಿ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಸೇತುವೆಗೆ ಮುಂಚೆ ಎಡಕ್ಕೆ ಊರೊಳಗೆ ಇಳಿಯುವ ಹಳೇ ರಸ್ತೆ ಇದ್ದರೆ ಅದು ಸಾಮಾನ್ಯವಾಗಿ ಸ್ನಾನಘಟ್ಟಕ್ಕೆ ಮುಟ್ಟಿಸುತ್ತದೆ. ಹೀಗೆ ನಿಲ್ಲುವ ಜಾಗ ಮೊದಲು ಗೊತ್ತಾಯಿತು, ರಾತ್ರಿ ಉಳಿಯುವ ಊರು ಆಮೇಲೆ, ದಿನದ ದೂರ ಕೊನೆಗೆ. ದೂರ 400 ದಾಟಿದ್ದು ಒಂದೇ ದಿನವಲ್ಲ, ಆದರೆ ಸಂಜೆ ಐದಾದ ಮೇಲೆ ಸ್ಟೇರಿಂಗ್ ಹಿಡಿಯಬಾರದು ಅನ್ನುವುದನ್ನು ನಾವು ಎಲ್ಲೂ ಮುರಿಯಲಿಲ್ಲ.

ತಿಂಗಳು ಆರಿಸುವಾಗ ನನ್ನ ಕಸುಬೇ ನೆರವಾಯಿತು. ಮಳೆ ಬಿದ್ದು ಕೆರೆ ತುಂಬಿದ ಮೇಲೆ ಮೋಟರ್ ರಿಪೇರಿ ಕಮ್ಮಿ. ಮಳೆಗಾಲದಲ್ಲಿ ನೇಪಾಳದ ಘಾಟಿಗಳಲ್ಲಿ ಗುಡ್ಡ ಕುಸಿಯುತ್ತದೆ, ಡಿಸೆಂಬರ್ ಅರ್ಧ ಕಳೆದರೆ ಉತ್ತರ ಪ್ರದೇಶದ ಬಯಲಲ್ಲಿ ಮಂಜು ಕವಿದು ಹತ್ತು ಮಾರು ಮುಂದಿನ ಲಾರಿ ಕಾಣುವುದಿಲ್ಲ. ದಸರಾ ನೇಪಾಳದಲ್ಲಿ ದಶೈಂ, ದೀಪಾವಳಿ ತಿಹಾರ್. ಆ ದಿನಗಳಲ್ಲಿ ಕಚೇರಿ ಬಾಗಿಲು ಹಾಕಿರುತ್ತವೆ, ಬಸ್ಸುಗಳು ತುಂಬಿರುತ್ತವೆ. ಕಾಶಿಯಲ್ಲಿ ಕಾರ್ತಿಕ ಹುಣ್ಣಿಮೆಗೆ ದೇವ ದೀಪಾವಳಿಯ ಜನಸಾಗರ. ಇವೆಲ್ಲ ಕಳೆದು ಉಳಿದದ್ದು ನವೆಂಬರಿನ ಎರಡು ಮೂರು ವಾರ.

ಚಿಕ್ಕಬಳ್ಳಾಪುರದಲ್ಲಿ 44ನೇ ಹೆದ್ದಾರಿ ಹತ್ತಿದರೆ ನಾಗಪುರ ದಾಟಿ ಮಧ್ಯಪ್ರದೇಶದವರೆಗೆ ಅದೇ ರಸ್ತೆ. ಆದಿಲಾಬಾದ್ ಮುಗಿಯುವವರೆಗೆ ನಮ್ಮ ಕಡೆಯ ತೆಲುಗೇ ಸಾಕು, ಅಮ್ಮನಿಗೆ ಊರು ಬಿಟ್ಟ ಹಾಗೇ ಅನಿಸಲಿಲ್ಲ. ಅನಂತಪುರ ದಾಟಿ ಪಾಮಿಡಿ ಹತ್ತಿರ ಅಗಲವಾದ ಮರಳಿನ ಹಾಸು, ನಡುವೆ ಹಗ್ಗದಂಥ ನೀರು. "ಇದು ಯಾವ ಹೊಳೆ?" ಅಂದಳು. "ನಮ್ಮದೇ ಅಮ್ಮ, ಪಿನಾಕಿನಿ" ಅಂದೆ. ನಂಬದೆ ಹಿಂದಿನ ಗಾಜಿನಲ್ಲಿ ಕಾಣುವವರೆಗೂ ತಿರುಗಿ ನೋಡಿದಳು. ಅದು ನನ್ನ ಪಟ್ಟಿಯಲ್ಲಿ ನಿಲ್ಲುವ ಜಾಗವಾಗಿರಲಿಲ್ಲ.

ಮೊದಲ ರಾತ್ರಿ ಕರ್ನೂಲು. ಅಲ್ಲಿಂದ ಆಲಂಪುರ ಹತ್ತಿರ, ತುಂಗಭದ್ರೆಯ ದಡ, ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ದೇವಾಲಯಗಳು. ಕನ್ನಡಿಗರು ಈ ದಾರಿಯಲ್ಲಿ ಹೋಗಿ ಇಲ್ಲಿ ಇಳಿಯದೆ ಮುಂದೆ ಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಎರಡನೆಯ ದಿನ ಬೀಚುಪಲ್ಲಿಯಲ್ಲಿ ಕೃಷ್ಣೆ, ಸಂಜೆ ನಿರ್ಮಲ್ ಹತ್ತಿರ ಗೋದಾವರಿ. ಮೂರನೆಯ ದಿನ ನಾಗಪುರ ದಾಟಿ ಪೆಂಚ್ ಕಾಡು. ಅಲ್ಲಿ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ, ಕೆಳಗೆ ಹುಲಿ ಜಿಂಕೆ ದಾಟಲು ದಾರಿ ಬಿಟ್ಟಿದ್ದಾರೆ. ಸಿವನಿಯಲ್ಲಿ ಉಳಿದು, ಮಾರನೆಯ ದಿನ ಬೇಕೆಂದೇ ಅರ್ಧ ದಿನದ ಓಟ ಇಟ್ಟುಕೊಂಡೆ.

ಯಾಕೆಂದರೆ ಭೇಡಾಘಾಟ್. ಜಬಲ್ಪುರದ ಪಕ್ಕ ನರ್ಮದೆ ಅಮೃತಶಿಲೆಯ ಬಂಡೆಗಳ ನಡುವೆ ನುಗ್ಗಿ ಬೀಳುವ ಜಾಗ, ಧುಂವಾಧಾರ್ ಅಂತ ಹೆಸರು, ಅಂದರೆ ಹೊಗೆಯ ಧಾರೆ. ನೀರು ಕಾಣುವ ಮೊದಲು ಸದ್ದು ಕೇಳಿ ಅಮ್ಮ ನಿಂತುಬಿಟ್ಟಳು. ಕಟಾಂಜನ ಹಿಡಿದು ನಿಂತವಳ ಕನ್ನಡಕದ ತುಂಬ ತುಂತುರು. ಒರೆಸಿಕೊಳ್ಳಲಿಲ್ಲ. ಸುಮಾರು ಒಂದು ಗಂಟೆ ಮಾತಿಲ್ಲ. ಮೂರು ಇಂಚಿನ ಪೈಪಿನಲ್ಲಿ ನೀರು ಬಂದರೆ ತೆಂಗಿನಕಾಯಿ ಒಡೆಯುವ ಊರಿನವರು ನಾವು.

ಜಬಲ್ಪುರದಿಂದ ರೇವಾ, ಮಿರ್ಜಾಪುರದ ಮೇಲೆ ಕಾಶಿ. ಇದು ಉದ್ದದ ದಿನ, ಬೆಳಗಿನ ಜಾವ ನಾಲ್ಕಕ್ಕೇ ಹೊರಡಬೇಕು. ಡ್ರಮಂಡ್‌ಗಂಜ್ ಘಾಟಿಯ ಇಳಿಜಾರನ್ನು ಹಗಲಲ್ಲೇ ದಾಟಿ. ಕಾಶಿಯಲ್ಲಿ ಒಂದು ದಿನ ಪೂರ್ತಿ ಗಾಡಿ ಮುಟ್ಟಲಿಲ್ಲ. ಮುಂದೆ ದೋಹರಿಘಾಟ್‌ನಲ್ಲಿ ಘಾಘ್ರಾ. ಅಯೋಧ್ಯೆಯಲ್ಲಿ ಇದನ್ನೇ ಸರಯೂ ಅನ್ನುತ್ತಾರೆ ಅಂದಾಗ ಅಮ್ಮ ಕೂತಲ್ಲೇ ಕೈ ಮುಗಿದಳು. ಗಡಿಯನ್ನು ಸಂಜೆ ದಾಟುವ ಆತುರ ಬೇಡ. ಗೋರಖ್‌ಪುರದಲ್ಲಿ ಮಲಗಿ, ಬೆಳಿಗ್ಗೆ ನೂರು ಕಿಲೋಮೀಟರ್ ಓಡಿಸಿ ಸುನೌಲಿ ಸೇರಿ.

ಇನ್ನು ಕಾಗದಪತ್ರ. ನಮಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಬರೀ ಆಧಾರ್ ನಂಬಿಕೊಂಡು ಹೋಗಬೇಡಿ. ಗಾಡಿ ನಿಮ್ಮ ಹೆಸರಿನಲ್ಲೇ ಇದ್ದರೆ ತಕರಾರು ಕಮ್ಮಿ. ಊರು ಬಿಡುವ ಮುಂಚೆ ಇನ್ಶೂರೆನ್ಸ್ ಕಚೇರಿಗೆ ಹೋಗಿ ಪಾಲಿಸಿಯ ವ್ಯಾಪ್ತಿಯನ್ನು ನೇಪಾಳಕ್ಕೂ ವಿಸ್ತರಿಸಿ ಬರೆಸಿಕೊಳ್ಳಿ. ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿದರೆ ಆಗುವ ಕೆಲಸ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಗಡಿಯಲ್ಲಿ ಗಾಡಿಗೆ ಭನ್ಸಾರ್ ಮಾಡಿಸಬೇಕು, ಅಂದರೆ ಸುಂಕದ ಪರವಾನಗಿ. ಇಷ್ಟು ದಿನ ಅಂತ ಲೆಕ್ಕ ಹಾಕಿ ಹಣ ಕಟ್ಟಬೇಕು. ನಿಮ್ಮ ಲೆಕ್ಕಕ್ಕಿಂತ ಎರಡು ದಿನ ಹೆಚ್ಚು ಬರೆಸಿ. ಗುಡ್ಡ ಕುಸಿದು ದಾರಿ ಕಟ್ಟಿದರೂ ದಿನ ಮೀರಿದರೆ ದಂಡ ತಪ್ಪದು.

ನಾನು ಮಾಡಿದ ತಪ್ಪು ಇಲ್ಲೇ. ಕ್ಯೂ ನೋಡಿ ಅಂಜಿ, ಹತ್ತು ನಿಮಿಷದಲ್ಲಿ ಮಾಡಿಸಿಕೊಡುತ್ತೇನೆ ಅಂದ ಒಬ್ಬ ದಲ್ಲಾಳಿಯ ಕೈಗೆ ಆರ್‌ಸಿ ಕೊಟ್ಟೆ. ಚೀಟಿ ಬಂತು, ಓದದೆ ಡ್ಯಾಶ್‌ಬೋರ್ಡಿಗೆ ಹಾಕಿದೆ. ಬುಟ್ವಲ್‌ಗೆ ಮುಂಚೆ ಪೊಲೀಸರು ತಡೆದಾಗ ಗೊತ್ತಾಯಿತು, ಗಾಡಿ ನಂಬರಿನಲ್ಲಿ 6 ಇರಬೇಕಾದ ಕಡೆ 8 ಇದೆ. ಮತ್ತೆ ಗಡಿಗೆ ಹೋಗಿ, ನಾನೇ ಕ್ಯೂನಲ್ಲಿ ನಿಂತು ಸರಿ ಮಾಡಿಸಿಕೊಂಡೆ. ಮುಕ್ಕಾಲು ಗಂಟೆ ಸಾಕಾಯಿತು. ಅವತ್ತು ಲುಂಬಿನಿಯ ಅಶೋಕ ಸ್ತಂಭದ ಮುಂದೆ ಕೂರಬೇಕಿದ್ದ ಮಧ್ಯಾಹ್ನ ಮಾತ್ರ ಹೋಯಿತು.

ನಮ್ಮ ನೂರು ರೂಪಾಯಿಗೆ ಅಲ್ಲಿಯ 160. ಗಡಿಯಾರ ಕಾಲು ಗಂಟೆ ಮುಂದಕ್ಕೆ. ಬುಟ್ವಲ್‌ನಿಂದ ಪೊಖರಾಗೆ ಸಿದ್ಧಾರ್ಥ ರಾಜಮಾರ್ಗ, ಸುಮಾರು 160 ಕಿಲೋಮೀಟರ್, ನಮಗೆ ಹಿಡಿದದ್ದು ಎಂಟು ಗಂಟೆ. ಸಿದ್ಧಬಾಬಾ ಬಳಿ ಕಲ್ಲು ಉರುಳುವ ಜಾಗ, ಸುರಂಗದ ಕೆಲಸವೂ ನಡೆಯುತ್ತಿತ್ತು, ಗಾಡಿ ಬಿಡುವ ಹೊತ್ತು ಹಿಂದಿನ ರಾತ್ರಿಯೇ ಲಾಡ್ಜಿನವರನ್ನು ಕೇಳಿಕೊಳ್ಳಿ. ಇಳಿಜಾರಿನಲ್ಲಿ ಎರಡನೇ ಗೇರು ಬಿಡಬೇಡಿ. ಬ್ರೇಕ್ ತುಳಿದೇ ಇಳಿದರೆ ಲೈನರ್ ಸುಟ್ಟ ವಾಸನೆ ಬರುತ್ತದೆ, ಆಗ ಅರ್ಧ ಗಂಟೆ ನಿಲ್ಲಿಸಲೇಬೇಕು. ತಾನ್ಸೇನ್ ದಾಟಿ ರಾಮ್ದಿ ಸೇತುವೆಯ ಕೆಳಗೆ ಮೊದಲ ಸಲ ಗಂಡಕಿ ಕಂಡಿತು.

ಪೊಖರಾ ನಮ್ಮ ಚಿಕ್ಕಬಳ್ಳಾಪುರಕ್ಕಿಂತ ತಗ್ಗಿನಲ್ಲಿದೆ ಅಂದರೆ ನಂಬುವುದು ಕಷ್ಟ. ಅಲ್ಲಿಂದ ತಲೆ ಎತ್ತಿದರೆ 6,993 ಮೀಟರಿನ ಮಚ್ಛಾಪುಛ್ರೆ, ಅದರ ಹಿಂದೆ ಅನ್ನಪೂರ್ಣದ ಸಾಲು. ನಮ್ಮ ಕಾರನ್ನು ಲಾಡ್ಜಿನಲ್ಲೇ ಬಿಟ್ಟು ಅಲ್ಲಿಯ ಜೀಪು, ಅಲ್ಲಿಯ ಡ್ರೈವರ್ ಗೊತ್ತು ಮಾಡಿಕೊಂಡೆವು. ಬೇನಿಯಿಂದ ಮುಂದಿನ ರಸ್ತೆಗೆ ತಗ್ಗಿನ ಕಾರು ಹಾಕುವುದು ಬೇಡ ಅನ್ನುವುದು ನನ್ನ ಗಟ್ಟಿ ಮಾತು. ಅಮ್ಮನ ಬಿಪಿ ನೆನಪಿಟ್ಟು ಒಂದೇ ದಿನ ಮೇಲೆ ಹತ್ತಲಿಲ್ಲ, 2,700 ಮೀಟರಿನ ಆಸುಪಾಸಿನ ಮಾರ್ಫಾದಲ್ಲಿ ಒಂದು ರಾತ್ರಿ ಉಳಿದೆವು. ಮುಕ್ತಿನಾಥ ಅದಕ್ಕಿಂತ ಸಾವಿರ ಮೀಟರ್ ಎತ್ತರ. 108 ಧಾರೆಗಳ ಹಿಮದ ನೀರನ್ನು ಅಮ್ಮ ಒಂದೊಂದಾಗಿ ತಲೆಗೆ ಚಿಮುಕಿಸಿಕೊಂಡಳು.

ಆ ಕಣಿವೆಯಲ್ಲಿ ಹನ್ನೊಂದು ಗಂಟೆಯ ಮೇಲೆ ಗಾಳಿ ಎದ್ದು ಮರಳು ಕಣ್ಣಿಗೆ ಎರಚುತ್ತದೆ. ಅದಕ್ಕೇ ಬೆಳಿಗ್ಗೆಯೇ ದರ್ಶನ ಮುಗಿಸಿ ಕಾಗಬೇನಿಗೆ ಇಳಿದೆವು. ಗಂಡಕಿಯ ನೀರು ಬೂದಿ ಬಣ್ಣ, ಕೈ ಇಟ್ಟರೆ ಮೂಳೆಗೆ ತಾಗುವ ಚಳಿ. ಅಮ್ಮ ಪೆಟ್ಟಿಗೆಯಿಂದ ಸಾಲಿಗ್ರಾಮ ತೆಗೆದು, ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಮುಳುಗಿಸಿದಳು. ಸುರುಳಿಯ ಸಂದಿನಲ್ಲಿ ತಾತನ ಕಾಲದಿಂದ ಕೂತಿದ್ದ ಗಂಧ ಬಿಳಿಯಾಗಿ ಕರಗಿ ಹೋಯಿತು.

ಬರುವಾಗ ಅದೇ ದಾರಿ, ಹೆಚ್ಚು ನಿಲ್ಲಲಿಲ್ಲ. ಇಪ್ಪತ್ತೊಂದನೆಯ ದಿನ ಗುತ್ತಿ ದಾಟಿ ಪಾಮಿಡಿ ಹತ್ತಿರವಾದಾಗ ಅಮ್ಮ ತಾನಾಗಿಯೇ ಗಾಡಿ ನಿಲ್ಲಿಸು ಅಂದಳು. ಊರೊಳಗಿಂದ ಹೊಳೆಗೆ ಇಳಿದೆವು. ನೀರಿನ ಗೆರೆ ಆಚೆ ದಡಕ್ಕಿತ್ತು, ಅಷ್ಟು ದೂರ ನಡೆಯಲು ಅವಳಿಗೆ ಆಗುತ್ತಿರಲಿಲ್ಲ. ಇದ್ದಲ್ಲೇ ಕೂತು ಬೊಗಸೆಯಿಂದ ಮರಳು ತೋಡಿದಳು. ಮೊಣಕೈ ಆಳಕ್ಕೆ ಒರತೆ ಜಿನುಗಿ ತಿಳಿಯಾಯಿತು. "ಆ ಪೆಟ್ಟಿಗೆ ತಗೊಂಡು ಬಾ" ಅಂದಳು.