ನೀರಿನ ದರವನ್ನು ಸದನದ ಕಲಾಪ ಪಟ್ಟಿಗೆ ತರುವ ಕೆಲಸ: ನನ್ನ ಅನುಭವ

ಬೆಂಗಳೂರು ಜಲಮಂಡಳಿಯ ನೀರಿನ ದರ ಮಸೂದೆಯಾಗಿ ಸದನಕ್ಕೆ ಬರುವುದೇ ಇಲ್ಲ. ಶಾಸಕರಿಗೆ ಟಿಪ್ಪಣಿ ಬರೆದುಕೊಡುವ ಕೆಲಸದಲ್ಲಿ ನಾನು ಹೊಸಬರಿಗೆ ಮೊದಲು ಹೇಳುವುದು ಇದನ್ನೇ. 1964ರ ಕಾಯ್ದೆಯಡಿ ಮಂಡಳಿ ದರದ ಪ್ರಸ್ತಾವ ಮಾಡುತ್ತದೆ, ಸರ್ಕಾರ ಒಪ್ಪಿಗೆ ಕೊಡುತ್ತದೆ, ಆದೇಶ ಹೊರಡುತ್ತದೆ, ಮುಂದಿನ ತಿಂಗಳ ಬಿಲ್ಲಿನಲ್ಲಿ ಮೊತ್ತ ಬದಲಾಗಿರುತ್ತದೆ. ‘ಮಸೂದೆ ಬರಲಿ, ಆಗ ವಿರೋಧಿಸೋಣ’ ಎಂದು ಕಾದು ಕೂತರೆ ಆ ದಿನ ಬರುವುದಿಲ್ಲ. ಪ್ರಶ್ನೆ, ಗಮನ ಸೆಳೆಯುವ ಸೂಚನೆ, ನಿಯಮ 69ರಡಿ ಸಾರ್ವಜನಿಕ ಮಹತ್ವದ ವಿಷಯದ ಚರ್ಚೆ, ನಗರಾಭಿವೃದ್ಧಿ ಇಲಾಖೆಯ ಬೇಡಿಕೆ (ಬಜೆಟ್‌ನಲ್ಲಿ ಇಲಾಖೆಯ ಖರ್ಚಿಗೆ ಸದನದ ಒಪ್ಪಿಗೆ ಕೇಳುವ ಮೊತ್ತ) ಮೇಲಿನ ಮಾತು, ಸದನದಲ್ಲಿ ಮಂಡಿಸಿದ ವರದಿಗಳು, ಇವಿಷ್ಟೇ ನಮ್ಮ ಕೈಯಲ್ಲಿರುವ ದಾರಿಗಳು. ಪ್ರತಿಯೊಂದಕ್ಕೂ ತನ್ನದೇ ಗಡುವಿದೆ. ನೀರಿನ ದರದ ವಿಷಯದಲ್ಲಿ ಸೋಲುವವರು ಬಹುತೇಕ ವಾದದಲ್ಲಿ ಸೋಲುವುದಿಲ್ಲ, ದಿನಾಂಕದಲ್ಲಿ ಸೋಲುತ್ತಾರೆ.

2025ನೇ ಇಸವಿಯನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ ನಂತರ ದರ ಏರಿರಲಿಲ್ಲ. ಬಜೆಟ್ ಅಧಿವೇಶನ ಮಾರ್ಚ್ 21ಕ್ಕೆ ಮುಗಿಯಿತು. ಹೊಸ ದರ ಏಪ್ರಿಲ್ 10ರಿಂದ ಜಾರಿಗೆ ಬಂತು. ಮುಂದಿನ ಅಧಿವೇಶನ ಶುರುವಾದದ್ದು ಆಗಸ್ಟ್ 11ಕ್ಕೆ. ನಡುವೆ ನಾಲ್ಕು ತಿಂಗಳು, ನಾಲ್ಕು ಬಿಲ್ಲು. ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂದಷ್ಟೇ ಸಂವಿಧಾನದ 174ನೇ ವಿಧಿ ಹೇಳುತ್ತದೆ. ಆದರೆ ಸುಳಿವು ಮಾರ್ಚ್‌ನಲ್ಲೇ ಇತ್ತು: ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಲೀಟರಿಗೆ ಒಂದು ಪೈಸೆ ಏರಿಸುವ ಆಲೋಚನೆಯನ್ನು ವಿಧಾನ ಪರಿಷತ್ತಿನಲ್ಲೇ ಹೇಳಿದ್ದರು. ಕೆಲಸ ಶುರುವಾಗಬೇಕಾದದ್ದು ಅಂಥ ಮಾತು ಕಿವಿಗೆ ಬಿದ್ದ ದಿನ, ಆದೇಶ ಬಂದ ದಿನ ಅಲ್ಲ.

ಸೂಚನೆ ಬರೆಯುವ ಮೊದಲು ಲೆಕ್ಕ. ಇದನ್ನು ನಾನು ಹಾಳೆಯ ಮೇಲೆ ಕೈಯಲ್ಲೇ ಮಾಡುತ್ತೇನೆ, ಯಾಕೆಂದರೆ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಬಿಲ್ಲಿನ ಅಳತೆ ಕಿಲೋಲೀಟರ್, ಅಂದರೆ ಸಾವಿರ ಲೀಟರ್. ಸರ್ಕಾರ ಮಾತಾಡುವುದು ಲೀಟರಿಗೆ ಇಷ್ಟು ಪೈಸೆ ಎಂದು. ಲೀಟರಿಗೆ ಒಂದು ಪೈಸೆ ಎಂದರೆ ಸಾವಿರ ಲೀಟರಿಗೆ ಹತ್ತು ರೂಪಾಯಿ. ಹಳೆಯ ದರದಲ್ಲಿ ಮನೆ ಬಳಕೆಗೆ ಮೊದಲ 8 ಕಿಲೋಲೀಟರಿಗೆ ತಲಾ ₹7, ಅದರ ಮೇಲೆ 25ರವರೆಗೆ ತಲಾ ₹11 ಇತ್ತು. ತಿಂಗಳಿಗೆ 20 ಕಿಲೋಲೀಟರ್ ಬಳಸುವ ಮನೆಗೆ 8 ಗುಣಿಸು 7, ಅಂದರೆ 56; ಉಳಿದ 12 ಗುಣಿಸು 11, ಅಂದರೆ 132; ಒಟ್ಟು ₹188. ಇದು ನೀರಿನ ದರ ಮಾತ್ರ, ಒಳಚರಂಡಿ ಮತ್ತು ಮೀಟರ್ ಶುಲ್ಕ ಬೇರೆ. ಇದೇ ಮನೆಗೆ ಎಲ್ಲ ಹಂತಕ್ಕೂ ಒಂದೇ ಸಮನೆ ಒಂದು ಪೈಸೆ ಏರಿಸಿದರೆ ಹೆಚ್ಚಾಗುವುದು ₹200. ಬಿಲ್ಲು ದುಪ್ಪಟ್ಟಿಗಿಂತ ಹೆಚ್ಚು! ‘ಬರೀ ಒಂದು ಪೈಸೆ’ ಎಂಬ ಮಾತಿಗೆ ಸದನದಲ್ಲಿ ಕೊಡಬೇಕಾದ ಉತ್ತರ ಈ ಒಂದು ಸಾಲು. ಆಮೇಲೆ ಬಂದ ಆದೇಶದಲ್ಲಿ ಏರಿಕೆಯನ್ನು ಹಂತಹಂತವಾಗಿ ಮಾಡಿ, ಕೆಳಗಿನ ಹಂತಕ್ಕೆ ಲೀಟರಿಗೆ 0.15 ಪೈಸೆ ಇಟ್ಟರು. 8,000 ಲೀಟರಿಗೆ 1,200 ಪೈಸೆ, ಅಂದರೆ ₹12.

ಈ 0.15 ಪೈಸೆಯನ್ನು ‘15 ಪೈಸೆ’ ಎಂದು ಓದಿಬಿಟ್ಟರೆ ₹12 ಹೋಗಿ ₹1,200 ಆಗುತ್ತದೆ. ಸದನದಲ್ಲಿ ಒಮ್ಮೆ ಹಾಗೆ ಬಾಯಿ ತಪ್ಪಿದರೆ ಆಮೇಲೆ ಎಷ್ಟು ನ್ಯಾಯವಾದ ವಾದ ಇದ್ದರೂ ಮಂತ್ರಿಗಳು ಆ ಅಂಕಿಯನ್ನೇ ಹಿಡಿದು ಮುಗಿಸುತ್ತಾರೆ. ಹಾಗಾಗಿ ಶಾಸಕರ ಕೈಗೆ ಕೊಡುವ ಚೀಟಿಯಲ್ಲಿ ಪೈಸೆ ಬರೆಯುವುದೇ ಇಲ್ಲ. ‘ಸಾವಿರ ಲೀಟರಿಗೆ ಒಂದೂವರೆ ರೂಪಾಯಿ’ ಎಂದು ಅಕ್ಷರದಲ್ಲಿ ಬರೆಯುತ್ತೇನೆ.

ಇನ್ನು ಪ್ರಶ್ನೆ. ‘ಬೆಂಗಳೂರಿನಲ್ಲಿ ನೀರಿನ ದರ ಏರಿಕೆಯಿಂದ ಜನರಿಗೆ ತೊಂದರೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ‘ಬಂದಿದೆ’ ಅಥವಾ ‘ಬಂದಿರುವುದಿಲ್ಲ’ ಎಂಬ ಉತ್ತರ ಬರುತ್ತದೆ. ಮುಂದಿನ ಉಪಪ್ರಶ್ನೆಗಳಿಗೆಲ್ಲ ‘ಉದ್ಭವಿಸುವುದಿಲ್ಲ’. ಅಲ್ಲಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ, ದಂಡ. ಅಭಿಪ್ರಾಯ ಕೇಳಬಾರದು, ವಾದ ಹೂಡಬಾರದು, ಅಂಕಿ ಕೇಳಬೇಕು. ನಾನು ಸಿದ್ಧ ಮಾಡುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ:

(ಅ) ಜಲಮಂಡಳಿಯ ಗೃಹಬಳಕೆ ಸಂಪರ್ಕಗಳಲ್ಲಿ 8, 25 ಮತ್ತು 50 ಕಿಲೋಲೀಟರ್‌ವರೆಗಿನ ಹಾಗೂ 50 ಮೀರಿದ ಹಂತಗಳಲ್ಲಿ ತಲಾ ಎಷ್ಟು ಸಂಪರ್ಕಗಳಿವೆ. ಪ್ರತಿ ಹಂತದಿಂದ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವಸೂಲಾದ ಮೊತ್ತವೆಷ್ಟು. (ಆ) ಅದೇ ಅವಧಿಯಲ್ಲಿ ನೀರೆತ್ತಲು ತಗುಲಿದ ವಿದ್ಯುತ್ ವೆಚ್ಚವೆಷ್ಟು. (ಇ) ಪೂರೈಸಿದ ನೀರಿನಲ್ಲಿ ಬಿಲ್ಲಾಗದ ಪ್ರಮಾಣವೆಷ್ಟು. (ಈ) ಸರ್ಕಾರಿ ಕಚೇರಿಗಳು ಮತ್ತು ಸಂಸ್ಥೆಗಳಿಂದ ಬರಬೇಕಾದ ಬಾಕಿ ಎಷ್ಟು. (ಉ) ದರ ಪರಿಷ್ಕರಣೆಗೆ ಒಪ್ಪಿಗೆ ನೀಡಿದ ಆದೇಶದ ಸಂಖ್ಯೆ ಮತ್ತು ದಿನಾಂಕವೇನು, ಪ್ರತಿ ನೀಡುವುದು.

(ಆ) ಅನ್ನು ಯಾವತ್ತೂ ಬಿಡುವುದಿಲ್ಲ. ಕಾವೇರಿ ನೀರಿನ ಪಂಪ್ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ನೀರನ್ನು ಏರಿಸಿ ತರುವ ನಗರ ಇದು. 2024ರ ಅಕ್ಟೋಬರ್ 16ಕ್ಕೆ ಉದ್ಘಾಟನೆಯಾದ ಕಾವೇರಿ ಐದನೇ ಹಂತ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ್ದು. ಪಂಪಿನ ವಿದ್ಯುತ್ ಬಿಲ್ಲು ಮುಂದಿಡದೆ ದರ ಏರಿಕೆ ಪೂರಾ ಅನ್ಯಾಯ ಎನ್ನುವುದು ಪ್ರಾಮಾಣಿಕ ವಾದವಲ್ಲ. ಸೋರಿಕೆ ಮತ್ತು ಬಾಕಿಯ ಅಂಕಿ ಮುಂದಿಡದೆ ಏರಿಕೆ ಅನಿವಾರ್ಯ ಎನ್ನುವುದೂ ಪ್ರಾಮಾಣಿಕವಲ್ಲ. ನೂರು ರೂಪಾಯಿ ನಷ್ಟದಲ್ಲಿ ವಿದ್ಯುತ್ತಿನದೆಷ್ಟು, ಸೋರಿದ್ದೆಷ್ಟು, ವಸೂಲು ಮಾಡದೆ ಬಿಟ್ಟದ್ದೆಷ್ಟು ಎಂದು ಬಿಡಿಸಿ ತೋರಿಸುವುದೇ ಸದನದ ಚರ್ಚೆಯ ಕೆಲಸ.

ಪ್ರಶ್ನೆಯ ನೋಟಿಸನ್ನು ಹದಿನೈದು ದಿನ ಮೊದಲೇ ಕಾರ್ಯದರ್ಶಿಯವರ ಕಚೇರಿಗೆ ತಲುಪಿಸಬೇಕು. ಆದರೆ ಅಧಿವೇಶನದ ದಿನಾಂಕ ಗೊತ್ತಾದ ಮೇಲೆ ಬರೆಯಲು ಕೂತರೆ ಸಮಯ ಸಾಲದು, ಕರಡು ಮೊದಲೇ ತಯಾರಿರಬೇಕು. ಇಲಾಖೆಗಳಿಗೆ ದಿನ ಹಂಚಿರುತ್ತಾರೆ. ನಗರಾಭಿವೃದ್ಧಿ ಇಲಾಖೆಯ ಸರದಿ ಯಾವ ದಿನ ಎಂದು ನೋಡಿಕೊಂಡು, ಆ ಸರದಿ ಮೊದಲ ದಿನಕ್ಕೆ ಬಿದ್ದಿದ್ದರೆ ಮುಂದಿನ ಸರದಿಗೆ ಕೊಡುತ್ತೇನೆ. ಮೊದಲ ದಿನ ಸಂತಾಪ ಸೂಚನೆಯಲ್ಲೇ ಹೊತ್ತು ಹೋಗುವುದು ಸಾಮಾನ್ಯ. ಪ್ರಶ್ನೆಗಳ ಸರದಿ ತೀರ್ಮಾನಿಸುವ ಲಾಟರಿಯಲ್ಲಿ ಕೆಳಗಿನ ಸಂಖ್ಯೆ ಬಂದರೆ ಪ್ರಶ್ನೋತ್ತರ ಕಲಾಪ ಮುಗಿಯುವುದರೊಳಗೆ ಸರದಿ ಬಾರದೆ ಲಿಖಿತ ಉತ್ತರವಷ್ಟೇ ಸಿಗುತ್ತದೆ. ಅದಕ್ಕೇ ಒಬ್ಬರ ಹೆಸರಲ್ಲೇ ಎಲ್ಲ ಭಾಗ ತುಂಬುವ ಬದಲು ಇಬ್ಬರು ಮೂವರು ಸದಸ್ಯರಿಗೆ ಭಾಗ ಮಾಡಿ ಕೊಡುವುದು ಒಳ್ಳೆಯದು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಉತ್ತರದ ಜೊತೆಗಿನ ಅಂಕಿಗಳ ಅನುಬಂಧ ಸಿಕ್ಕಿರುತ್ತದೆ.

ನಿಯಮದ ಸಂಖ್ಯೆಯಲ್ಲಿ ಎಡವುವವರು ಬಹಳ. ವಿಧಾನಸಭೆಯಲ್ಲಿ ನಿಲುವಳಿ ಸೂಚನೆ (ಬೇರೆ ಕಲಾಪ ನಿಲ್ಲಿಸಿ ತುರ್ತು ವಿಷಯ ಚರ್ಚಿಸಲು ಕೇಳುವುದು) ನಿಯಮ 60, ಸಾರ್ವಜನಿಕ ಮಹತ್ವದ ವಿಷಯದ ಚರ್ಚೆ ನಿಯಮ 69, ಗಮನ ಸೆಳೆಯುವುದು ನಿಯಮ 73. ಪರಿಷತ್ತಿನಲ್ಲಿ ಇವೇ 59, 68, 72 ಆಗುತ್ತವೆ. ಒಂದು ಸದನಕ್ಕೆ ಮಾಡಿದ ಪತ್ರವನ್ನು ಹೆಸರು ಬದಲಿಸಿ ಇನ್ನೊಂದಕ್ಕೆ ಕೊಡುವಾಗ ಸಂಖ್ಯೆ ಹಾಗೇ ಉಳಿದುಬಿಡುತ್ತದೆ, ಸೂಚನೆ ವಾಪಸು ಬರುತ್ತದೆ.

ಯಾವುದನ್ನು ಆರಿಸಬೇಕು? ಎಲ್ಲರಿಗೂ ನಿಲುವಳಿಯ ಮೇಲೇ ಆಸೆ, ಅದಕ್ಕೆ ಪತ್ರಿಕೆಯಲ್ಲಿ ಜಾಗ ಸಿಗುತ್ತದೆ. ಆದರೆ ನಿಲುವಳಿಗೆ ವಿಷಯ ತೀರಾ ಇತ್ತೀಚಿನದಾಗಿರಬೇಕು, ತುರ್ತಾಗಿರಬೇಕು. ಏಪ್ರಿಲ್‌ನಲ್ಲಿ ಜಾರಿಯಾದ ದರಕ್ಕೆ ಆಗಸ್ಟ್‌ನಲ್ಲಿ ನಿಲುವಳಿ ಕೊಟ್ಟರೆ ‘ಇದರಲ್ಲಿ ತುರ್ತು ಏನಿದೆ?’ ಎಂಬ ಪ್ರಶ್ನೆಗೆ ಉತ್ತರ ಕಷ್ಟ. ಹೆಚ್ಚೆಂದರೆ ಸಭಾಧ್ಯಕ್ಷರು ಅದನ್ನು ನಿಯಮ 69ಕ್ಕೆ ಪರಿವರ್ತಿಸಿ ಚರ್ಚೆಗೆ ಕೊಡುತ್ತಾರೆ. ಪರಿವರ್ತನೆಯಾದ ಚರ್ಚೆ ಪಟ್ಟಿಯ ಕೊನೆಗೆ ಹೋಗಿ ಸಂಜೆ ಖಾಲಿ ಕುರ್ಚಿಗಳ ಮುಂದೆ ನಡೆಯುವುದೇ ಹೆಚ್ಚು. ನನ್ನ ಮಟ್ಟಿಗೆ ದರದ ವಿಷಯಕ್ಕೆ ನೇರವಾಗಿ 69 ಕೊಟ್ಟು, ಕಲಾಪ ಸಲಹಾ ಸಮಿತಿಯಲ್ಲಿರುವ ಪಕ್ಷದ ನಾಯಕರಿಗೆ ಅರ್ಧ ಪುಟದ ಟಿಪ್ಪಣಿ ಮುಟ್ಟಿಸುವುದೇ ಸರಿಯಾದ ಕ್ರಮ. ಯಾವ ದಿನ, ಎಷ್ಟು ಗಂಟೆ ಎಂಬುದು ಸದನಕ್ಕಿಂತ ಮೊದಲು ಆ ಸಮಿತಿಯಲ್ಲಿ ಹದಕ್ಕೆ ಬರುತ್ತದೆ. ಟಿಪ್ಪಣಿಯಲ್ಲಿ ದಿನವನ್ನೂ ನಾವೇ ಸೂಚಿಸಬೇಕು: ಮಸೂದೆಗಳು ಒತ್ತೊತ್ತಾಗಿ ಬರುವ ಕೊನೆಯ ಎರಡು ದಿನ ಬೇಡ ಎಂದು ಬರೆಯಬೇಕು. ಕೊನೆಯ ದಿನ ಗದ್ದಲವಾದರೆ ಪಟ್ಟಿಯಲ್ಲಿದ್ದದ್ದೆಲ್ಲ ಚರ್ಚೆಯಿಲ್ಲದೆ ಅಂಗೀಕಾರವಾಗುತ್ತದೆ, ಇಲ್ಲವೇ ಬಿದ್ದುಹೋಗುತ್ತದೆ.

ವೇಳಾಪಟ್ಟಿಯ ಬಲ ಎಂಥದ್ದೆಂದು ತೋರಿಸಲು ನಾನು ಐರ್ಲೆಂಡಿನ ಉದಾಹರಣೆ ಕೊಡುತ್ತೇನೆ. ಅಲ್ಲಿ ನೀರಿನ ಶುಲ್ಕದ ವ್ಯವಸ್ಥೆ ಮಸೂದೆಯಾಗಿಯೇ ಬಂತು. 2013ರ ಡಿಸೆಂಬರ್ 19ರಂದು, ಕ್ರಿಸ್‌ಮಸ್ ರಜೆಯ ಹೊಸ್ತಿಲಲ್ಲಿ, ಕೆಲವೇ ಗಂಟೆಗಳ ಗಡುವು ಹಾಕಿ ಕೆಳಮನೆಯಲ್ಲಿ ಅದನ್ನು ಪಾಸು ಮಾಡಿದರು. ವಿರೋಧ ಪಕ್ಷಗಳು ಹೊರನಡೆದವು. ಅಲ್ಲಿನ ಗಡುವಿನ ಪದ್ಧತಿಯಲ್ಲಿ ನಿಗದಿತ ಹೊತ್ತಿಗೆ ಪೀಠದಿಂದ ಒಂದೇ ಪ್ರಶ್ನೆ ಮತಕ್ಕೆ ಹಾಕುತ್ತಾರೆ. ತಿದ್ದುಪಡಿಗಳಲ್ಲಿ ಮಂತ್ರಿ ತಂದವು ಅಥವಾ ಒಪ್ಪಿದವು ಮಾತ್ರ ಅದರೊಳಗೆ ಸೇರುತ್ತವೆ. ಸದನದಲ್ಲಿ ಆಗದ ಚರ್ಚೆ 2014ರಲ್ಲಿ ಬೀದಿಯಲ್ಲಾಯಿತು. ಆ ನವೆಂಬರ್‌ನಲ್ಲಿ ಶುಲ್ಕಕ್ಕೆ ವರ್ಷಕ್ಕೆ ಒಬ್ಬ ವಯಸ್ಕರ ಮನೆಗೆ 160 ಯೂರೊ, ಉಳಿದ ಮನೆಗಳಿಗೆ 260 ಯೂರೊ ಎಂದು ಮಿತಿ ಹಾಕಬೇಕಾಯಿತು. 2016ರಲ್ಲಿ ಶುಲ್ಕ ಅಮಾನತಾಯಿತು. ಅದೇ ವರ್ಷ ಸದನದ ವೇಳಾಪಟ್ಟಿ ನಿರ್ಧರಿಸಲು ಎಲ್ಲ ಪಕ್ಷಗಳಿರುವ ಕಲಾಪ ಸಮಿತಿ ಬಂತು. ನಮ್ಮಲ್ಲಿ ಇಂಥ ಗಡುವು ಕಾಣುವುದು ಬಜೆಟ್ ಬೇಡಿಕೆಗಳ ಕೊನೆಯಲ್ಲಿ: ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುವ ಗಿಲೊಟಿನ್. ನಗರಾಭಿವೃದ್ಧಿ ಬೇಡಿಕೆ ಆ ರಾಶಿಯಲ್ಲಿ ಬೀಳದಂತೆ ಮೊದಲ ಪಟ್ಟಿಯಲ್ಲೇ ಕೇಳಿಕೊಳ್ಳಬೇಕು.

ಉತ್ತರ ಬಂದ ಮೇಲೆ ಅರ್ಧ ಕೆಲಸ ಬಾಕಿ ಇರುತ್ತದೆ. ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’ ಎಂದು ಮಂತ್ರಿಗಳು ಸದನದಲ್ಲಿ ಹೇಳಿದ್ದರೆ ಆ ದಿನದ ನಡವಳಿಯಲ್ಲಿ ಆ ಸಾಲನ್ನು ಗುರುತು ಹಾಕಿ, ದಿನಾಂಕ ಮತ್ತು ಪ್ರಶ್ನೆ ಸಂಖ್ಯೆ ಸಮೇತ ಸರ್ಕಾರಿ ಭರವಸೆಗಳ ಸಮಿತಿಗೆ ಶಾಸಕರ ಸಹಿಯ ಪತ್ರ ಹೋಗಬೇಕು. ಅನುಬಂಧದಲ್ಲಿ ಬಂದ ಅಂಕಿಗಳನ್ನು ಮಂಡಳಿಯ ವಾರ್ಷಿಕ ಲೆಕ್ಕಪತ್ರದ ಜೊತೆ ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಅದೇ ಅರ್ಧ ಗಂಟೆ ಚರ್ಚೆಯ ಸೂಚನೆಗೆ ಆಧಾರ.

2025ರ ಆದೇಶದಲ್ಲಿ ಪ್ರತಿ ಏಪ್ರಿಲ್‌ಗೆ ಶೇ 3ರಷ್ಟು ದರ ತಾನಾಗಿಯೇ ಏರುವ ವ್ಯವಸ್ಥೆಯೂ ಇದೆ. ನೂರು ರೂಪಾಯಿ ಬಿಲ್ಲು ಐದು ಏರಿಕೆಗಳ ನಂತರ ಸುಮಾರು ₹116 ಆಗುತ್ತದೆ, ಪ್ರತಿ ಸಲವೂ ಹೊಸ ಚರ್ಚೆಗೆ ಕಾರಣವೇ ಹುಟ್ಟದೆ. ಆದ್ದರಿಂದ ವಾರ್ಷಿಕ ಏರಿಕೆಯ ಪ್ರಶ್ನೆ ಪ್ರತಿ ಬಜೆಟ್ ಅಧಿವೇಶನದಲ್ಲೂ ಪಟ್ಟಿಯಲ್ಲಿರಬೇಕು. ಅದಕ್ಕೆ ಕರಡು ಜನವರಿಯಲ್ಲಿ ಮುಗಿಯಬೇಕು, ಸಹಿ ಫೆಬ್ರುವರಿಯ ಮೊದಲ ವಾರದಲ್ಲಿ. ಹಿಂದಿನ ವರ್ಷದ ಉತ್ತರದ ಪ್ರತಿ ಅದೇ ಕಡತದಲ್ಲಿ ಮೇಲುಗಡೆ ಇರಲಿ.