ನಾನೂರು ಪಾಯಿಂಟ್ ಮೇಲಿದ್ದ ಹುಡುಗನ ಎದುರು

ಚೆಸ್ ಟೂರ್ನಿಯಲ್ಲಿ ಯಾರಿಗೆ ಯಾರು ಎದುರು ಅಂತ ಹೇಳುವ ಪೇರಿಂಗ್ ಪಟ್ಟಿ ನೋಡಿದರೆ ಎದುರಾಳಿಯ ರೇಟಿಂಗ್ ನನಗಿಂತ 400 ಹೆಚ್ಚು. ಆಟಗಾರರ ಬಲ ಅಳೆಯುವ ಎಲೋ ರೇಟಿಂಗ್ ಲೆಕ್ಕದಲ್ಲಿ ಹನ್ನೊಂದು ಆಟಕ್ಕೆ ನನ್ನ ಪಾಲು ಒಂದು ಪಾಯಿಂಟ್, ಅಂದರೆ ಒಂದು ಗೆಲುವಿನಷ್ಟು. ಹುಡುಗ ಹೈಸ್ಕೂಲು, ನಾನು ಬ್ಯಾಂಕ್ ನೌಕರ. ಮೈಸೂರಿನ ಟೂರ್ನಿಗಳಲ್ಲಿ ಇದು ಮಾಮೂಲಿ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಈ ಊರಿನವರೇ. ಅದಕ್ಕೂ ಮುಂಚೆ ಮುಮ್ಮಡಿ ಕೃಷ್ಣರಾಜ ಒಡೆಯರು ಇಲ್ಲೇ ಕುದುರೆಯನ್ನು ಒಂದೊಂದು ಮನೆಗೂ ಒಂದೇ ಸಲ ಬರುವಂತೆ 64 ಮನೆಗೂ ಸುತ್ತಿಸಿದ್ದರು.

ಬಲವಾದವರ ಎದುರು ಗಲಾಟೆ ಎಬ್ಬಿಸು ಅಂತ ಹೇಳುವವರಿದ್ದಾರೆ. ನಾನು ಒಪ್ಪಲ್ಲ. ಗಲಾಟೆಯಲ್ಲಿ ಲೆಕ್ಕ ಹಾಕುವುದೇ ಈ ಹುಡುಗರ ಕಸುಬು. ನನಗೆ ಬೇಕಾದ್ದು ನನಗೆ ಗೊತ್ತಿರುವ, ಅವರಿಗೆ ಬೇಜಾರಾಗುವ ಪೊಸಿಷನ್.

ಬಿಳಿ ನನ್ನದು. ಕ್ವೀನ್ಸ್ ಗ್ಯಾಂಬಿಟ್ ಎಂಬ ಆರಂಭ ಆಡಿ, ನಾಲ್ಕನೇ ನಡೆಗೇ ಡಿ5ರಲ್ಲಿ (ಡಿ ಸಾಲಿನ ಐದನೇ ಮನೆ) ಅವನ ಕಾಲಾಳು ಹೊಡೆದೆ. ಮುಂದಿನ ಯೋಜನೆ ಹಳೆಯದು: ಆನೆಯನ್ನು ಬಿ1ಕ್ಕೆ ತಂದು ಬಿ ಸಾಲಿನ ಕಾಲಾಳನ್ನು ಬಿ4, ಬಿ5ಕ್ಕೆ ನೂಕುವುದು. ಆ ಬದಿಯ ನನ್ನ ಎರಡು ಕಾಲಾಳು ಅವನ ಮೂರರ ಮೇಲೆ ಬೀಳುತ್ತವೆ. ಕಾಲಾಳುಗಳು ಪರಸ್ಪರ ಹೊಡೆದು ಮುಗಿದಾಗ ಸಿ6ರಲ್ಲಿ ಅವನದೊಂದು ಕಾಲಾಳು ಆಸರೆಯಿಲ್ಲದೆ ಉಳಿಯುತ್ತದೆ. ಹುಡುಗನಿಗೆ ತಾಳ್ಮೆ ಇರಲಿಲ್ಲ. ತನ್ನ ನಡೆ ಮುಗಿಸಿದ ಕೂಡಲೇ ಪಕ್ಕದ ಬೋರ್ಡುಗಳನ್ನು ನೋಡಲು ಎದ್ದು ಹೋಗುತ್ತಿದ್ದ. ನನ್ನ ರಾಜನ ಮೇಲೆ ದಾಳಿಗೆಂದು ಕುದುರೆ, ಒಂಟೆ ಎಲ್ಲ ಆ ಕಡೆ ಸಾಗಿಸಿದ. ನಾನು ಅವನ ಮಂತ್ರಿ ಹೊಡೆದು ನನ್ನದನ್ನೂ ಕೊಟ್ಟುಬಿಟ್ಟೆ. ದಾಳಿ ಆರಿತು, ಸಿ6 ಬಿತ್ತು, ಆಮೇಲೆ ಡಿ5 ಕೂಡ.

ಆಗ ಡ್ರಾ ಕೇಳಿದ. ದೊಡ್ಡ ರೇಟಿಂಗಿನವರು ಡ್ರಾ ಕೇಳಿದರೆ ಕೈ ಕುಲುಕುವ ಮುಂಚೆ ಬೋರ್ಡು ನೋಡಬೇಕು. ಕಾಲಾಳು ಹೆಚ್ಚಿಗೆ ಇದ್ದದ್ದು ನನಗೆ. ನಡೆಗೆ 30 ಸೆಕೆಂಡ್ ಸೇರುತ್ತಿದ್ದರಿಂದ ಗಡಿಯಾರದ ಭಯವೂ ಇರಲಿಲ್ಲ.

ಕೊನೆಗೆ ಉಳಿದದ್ದು ಇಷ್ಟೇ: ಇಬ್ಬರಿಗೂ ಒಂದೊಂದು ಆನೆ, ಡಿ7ರಲ್ಲಿ ನನ್ನ ಕಾಲಾಳು, ಅದರ ಮುಂದೆ ಡಿ8ರಲ್ಲಿ ನನ್ನದೇ ರಾಜ. ಇದೇ ಲುಸೇನಾ ಪೊಸಿಷನ್, ಗೆಲ್ಲುವ ದಾರಿ ಮೊದಲೇ ಗೊತ್ತಿರುವ ಕೊನೆಯಾಟ. ಆನೆಯಿಂದ ಎಫ್1ರಲ್ಲಿ ಚೆಕ್ ಕೊಟ್ಟೆ. ಅವನ ರಾಜ ಜಿ7ಕ್ಕೆ ಸರಿಯಿತು. ಆನೆಯನ್ನು ಎಫ್4ಕ್ಕೆ ಏರಿಸಿದೆ. ಇನ್ನು ನನ್ನ ರಾಜ ಹೊರಬಂದಾಗ ಅವನು ಎಷ್ಟು ಚೆಕ್ ಕೊಟ್ಟರೂ ಡಿ5ಕ್ಕೆ ಇಳಿಯುವುದು, ಆನೆಯನ್ನು ಡಿ4ರಲ್ಲಿ ಅಡ್ಡ ಇಡುವುದು; ಆಮೇಲೆ ಕಾಲಾಳು ಮಂತ್ರಿಯಾಗುವುದನ್ನು ತಡೆಯಲಾಗದು. ಹುಡುಗನಿಗೂ ಗೊತ್ತಿತ್ತು. ಸೋಲೊಪ್ಪಿ ಗಡಿಯಾರ ನಿಲ್ಲಿಸಿದ.

ಕೆ, ಅಂದರೆ ಒಂದು ಆಟಕ್ಕೆ ರೇಟಿಂಗ್ ಎಷ್ಟು ಬದಲಾಗಬಹುದು ಅನ್ನುವ ಅಂಕಿ, 20 ಇರುವ ನನಗೆ ಹದಿನೆಂಟು ಚಿಲ್ಲರೆ ರೇಟಿಂಗ್ ಪಾಯಿಂಟ್ ಬಂತು. ಹೊರಗೆ ಜಗಲಿಯಲ್ಲಿ ಅವನೇ ಕಾಯಿ ಜೋಡಿಸಿದ. “ಅಂಕಲ್, ನಾನೇ ಮೊದಲು ಬಿ5 ಆಡಿ ಕುದುರೇನ ಸಿ4ಗೆ ತಂದಿದ್ರೆ?” ಅಂದ. ಹಾಗೆ ಆಡಿದ್ದರೆ ನನ್ನ ಬಿ ಕಾಲಾಳು ಬಿ4ರಲ್ಲೇ ನಿಲ್ಲುತ್ತಿತ್ತು. ಎ4 ನೂಕುತ್ತೇನೆ ಅಂದೆ. ಅದಕ್ಕೂ ಅವನ ಹತ್ತಿರ ಉತ್ತರ ಇತ್ತು. ಮುಂದಿನ ಸುತ್ತಿನ ಪೇರಿಂಗ್ ಹಾಕುವವರೆಗೂ ಅದನ್ನೇ ಆಡುತ್ತಾ ಕೂತೆವು.